ಗಣಿಗೆ ಬೇಡವಾದ ಮೊಬೈಲು

ನಾಗಪುರದಿಂದ ಛಿಂದವಾಡಾ ಕಡೆಗೆ ಹೋಗುವ ದಾರಿಯಲ್ಲಿರುವ ಊರು ಸಾವನೇರ್. ಸುತ್ತ ಕಿತ್ತಳೆ ತೋಟಗಳು, ನೆಲದಡಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕಲ್ಲಿದ್ದಲು ಗಣಿ. ಭೂಗತ ಕಲ್ಲಿದ್ದಲು ಗಣಿಗೆ ಇಳಿಯುವವರು ಬೀಡಿ, ಬೆಂಕಿಪೊಟ್ಟಣದ ಜೊತೆಗೆ ಮಾಮೂಲಿ ಮೊಬೈಲನ್ನೂ ಮೇಲೆಯೇ ಬಿಡಬೇಕು. ಊರಲ್ಲೆಲ್ಲ ಜೇಬಿನಲ್ಲಿರುವ ಸಾಧನ ಕೆಳಗೇಕೆ ಬೇಡ?

ಮೊದಲ ಭಯ ಕಿಡಿಯದು. ಕಲ್ಲಿದ್ದಲಿನಿಂದ ಒಸರುವ ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟಿದ್ದರೆ, ಒಂದು ಮಿಲಿಜೌಲ್‌ಗೂ ಕಡಿಮೆ ಶಕ್ತಿಯ ಕಿಡಿಗೆ ಸ್ಫೋಟಿಸಬಲ್ಲದು. ಇನ್ನೊಂದು ಭಯ ರೇಡಿಯೋ ಅಲೆಯದ್ದೇ. ಸಿಡಿಮದ್ದು ಹಚ್ಚುವ ವಿದ್ಯುತ್ ಡಿಟೋನೇಟರಿನೊಳಗೆ ತೀರಾ ತೆಳುವಾದ ತಂತಿಯೊಂದಿರುತ್ತದೆ. ಕರೆಂಟ್ ಹರಿದರೆ ಅದು ಕಾದು ಮದ್ದು ಹೊತ್ತಿಕೊಳ್ಳುತ್ತದೆ. ಹೊರಚಾಚಿದ ಎರಡು ಉದ್ದನೆಯ ತಂತಿಗಳು ಆಂಟೆನಾದಂತೆ ಹತ್ತಿರದ ಟ್ರಾನ್ಸ್‌ಮಿಟರಿನ ಶಕ್ತಿಯನ್ನು ಹಿಡಿಯಬಲ್ಲವು. ಹಾಗಾಗಿಯೇ ಜೋಡಿಸುವ ಹೊತ್ತು ಬರುವ ತನಕ ಅವುಗಳ ತುದಿಗಳನ್ನು ಒಂದಕ್ಕೊಂದು ಹೊಸೆದಿಡುತ್ತಾರೆ.

ಅದೇ ಅಲೆ ನಮ್ಮ ಮೈಮೇಲೆ ಬಿದ್ದರೆ? 900 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನ್‌ನಲ್ಲಿರುವ ಶಕ್ತಿ, ಒಂದು ಎಲೆಕ್ಟ್ರಾನ್ ವೋಲ್ಟ್‌ನ ಹತ್ತು ಲಕ್ಷದಲ್ಲಿ ನಾಲ್ಕು ಪಾಲೂ ಇಲ್ಲ. ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಹತ್ತು ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸು ಬೇಕು. ಎಕ್ಸ್-ರೇ ಮಾಡುವಂಥ ಹಾನಿ ಇದರ ಕೈಲಾಗದು. ಖಚಿತವಾಗಿ ತಿಳಿದಿರುವ ಪರಿಣಾಮ ಬಿಸಿಯೊಂದೇ. ಸುರಕ್ಷತೆಯ ಮಿತಿಗಳನ್ನು ಗೊತ್ತುಮಾಡಿರುವುದೂ ಮುಖ್ಯವಾಗಿ ಅದರ ಮೇಲೆ. 2012ರಲ್ಲಿ ಭಾರತ ಮೊಬೈಲ್ ಟವರ್‌ಗಳ ಅಲೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು: 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ನಡುಮಧ್ಯಾಹ್ನದ ಬಿಸಿಲು ಅಷ್ಟೇ ಜಾಗಕ್ಕೆ ಸುಮಾರು 1,000 ವ್ಯಾಟ್ ಸುರಿಯುತ್ತದೆ.

ಈ ಅಲೆಗಳ ಬಗ್ಗೆ ಜನರಿಗಿರುವ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ 2011ರಲ್ಲಿ ಈ ಅಲೆಗಳನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಗುಂಪಿಗೆ ಸೇರಿಸಿತ್ತು. ಆದರೆ 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ, ಹತ್ತಾರು ಅಧ್ಯಯನಗಳನ್ನು ಜಾಲಾಡಿದ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ.

ಟವರ್ ಬೇಡವೆಂದು ಅರ್ಜಿ ಕೊಡುವವರು ಒಂದು ವಿಷಯ ಗಮನಿಸಬೇಕು. ದೂರ ಎರಡು ಪಟ್ಟಾದರೆ ಅಲೆಯ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ. ನಮ್ಮ ತಲೆಗೆ ತಾಗುವ ಅಲೆಯಲ್ಲಿ ದೊಡ್ಡ ಪಾಲು ಕಿವಿಗೊತ್ತಿದ ಫೋನಿನದೇ. ಸಿಗ್ನಲ್ ಚೆನ್ನಾಗಿದ್ದಾಗ ಫೋನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಟವರ್ ದೂರ ಹೋದಷ್ಟೂ ಅದು ಹೆಚ್ಚು ಶಕ್ತಿ ಹೊಮ್ಮಿಸಬೇಕು, ಅದೂ ಕಿವಿಯ ಪಕ್ಕದಲ್ಲೇ.