ಹೆಸರಿನಿಂದ ಹೋದ ಜಾತಿ ಮಣಿಕಟ್ಟಿಗೆ ಬಂತು

ಚೆನ್ನೈಗೆ ಕೆಲಸಕ್ಕೆಂದು ಬಂದ ಕನ್ನಡಿಗರಿಗೆ ಮೊದಲ ವಾರದಲ್ಲೇ ಗಮನಕ್ಕೆ ಬರುವ ಸಂಗತಿ ಇಲ್ಲಿನವರ ಹೆಸರು. ಆಫೀಸಿನ ಹೆಚ್ಚಿನವರ ಹೆಸರಿನ ಜೊತೆ ಅಪ್ಪನ ಹೆಸರಿನ ಒಂದಕ್ಷರ ಇರುತ್ತದೆ, ಅಷ್ಟೇ. ಗೌಡ, ಶೆಟ್ಟಿ, ರಾವ್, ಹೆಗಡೆ, ಪಾಟೀಲ ಎಂಬ ಬಾಲ ಹೊತ್ತ ನಮ್ಮ ಮಕ್ಕಳ ಹೆಸರುಗಳು ಇಲ್ಲಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಎದ್ದು ಕಾಣುತ್ತವೆ.

ಇದು ತಾನಾಗಿಯೇ ಆದದ್ದಲ್ಲ. 1929ರ ಫೆಬ್ರವರಿಯಲ್ಲಿ ಚೆನ್ನೈ ಪಕ್ಕದ ಚೆಂಗಲ್ಪಟ್ಟುವಿನಲ್ಲಿ ಸ್ವಾಭಿಮಾನ ಚಳವಳಿಯ ಮೊದಲ ಸಮ್ಮೇಳನ ನಡೆಯಿತು. ಹೆಸರಿನ ಕೊನೆಯ ಜಾತಿ ಸೂಚಕವನ್ನು ಬಿಟ್ಟುಬಿಡಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರ್ ತಮ್ಮ ಹೆಸರಿನ 'ನಾಯ್ಕರ್' ಕೈಬಿಟ್ಟರು. ಸಾವಿರಾರು ಮನೆಗಳು ಅದೇ ದಾರಿ ಹಿಡಿದವು.

ಹಾಗಾದರೆ ತಮಿಳುನಾಡಿನ ತರಗತಿಯಲ್ಲಿ ಯಾರ ಜಾತಿಯೂ ಯಾರಿಗೂ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ದಕ್ಷಿಣದ ತಿರುನೆಲ್ವೇಲಿ, ತೂತ್ತುಕುಡಿ ಕಡೆಯ ಶಾಲೆಗಳಲ್ಲಿ ಹುಡುಗರು ಕೈಗೆ ಕಟ್ಟುವ ದಾರದ ಬಣ್ಣವೇ ಅದನ್ನು ಹೇಳುತ್ತದೆ. ಕೆಂಪು, ಹಳದಿ, ಹಸಿರು, ಕೇಸರಿ, ಒಂದೊಂದು ಜಾತಿಗೆ ಒಂದೊಂದು ಬಣ್ಣ. ಊಟಕ್ಕೆ ಯಾರ ಜೊತೆ ಕೂರಬೇಕು, ಆಟಕ್ಕೆ ಯಾರನ್ನು ಸೇರಿಸಬೇಕು ಎಂಬುದೂ ಆ ದಾರದಿಂದಲೇ ತೀರ್ಮಾನವಾಗುತ್ತದೆ.

2019ರ ಜುಲೈ 31ರಂದು ಶಾಲಾ ಶಿಕ್ಷಣ ನಿರ್ದೇಶಕರು ಇದನ್ನು ತಡೆಯಲು ಸುತ್ತೋಲೆ ಹೊರಡಿಸಿದರು. ತರಬೇತಿಯಲ್ಲಿದ್ದ ಕೆಲವು ಐಎಎಸ್ ಅಧಿಕಾರಿಗಳು ಕೊಟ್ಟ ಮಾಹಿತಿ ಅದಕ್ಕೆ ಆಧಾರವಾಗಿತ್ತು. ಇದು ಧಾರ್ಮಿಕ ಆಚರಣೆಗೆ ಅಡ್ಡಿ ಎಂಬ ಆಕ್ಷೇಪ ಕೂಡಲೇ ಎದ್ದಿತು. ತಮ್ಮ ಗಮನಕ್ಕೆ ಬಾರದೆ ಸುತ್ತೋಲೆ ಹೋಗಿದೆ, ಹಿಂದಿನ ಪದ್ಧತಿಯೇ ಮುಂದುವರಿಯುತ್ತದೆ ಎಂದು ಆಗಿನ ಶಿಕ್ಷಣ ಸಚಿವರು ಹೇಳಿದರು. ವಿಷಯ ಅಲ್ಲಿಗೆ ನಿಂತಿತು.

ನಾಲ್ಕು ವರ್ಷಗಳ ನಂತರ, 2023ರ ಆಗಸ್ಟಿನಲ್ಲಿ, ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ಹನ್ನೆರಡನೇ ತರಗತಿಯ ದಲಿತ ಹುಡುಗನೊಬ್ಬನ ಮನೆಗೆ ರಾತ್ರಿ ನುಗ್ಗಿ ಮಚ್ಚಿನಿಂದ ಕೊಚ್ಚಲಾಯಿತು. ತಡೆಯಲು ಬಂದ ತಂಗಿಗೂ ಏಟು ಬಿತ್ತು. ದಾಳಿಯ ಆರೋಪ ಬಂದದ್ದು ಅದೇ ಶಾಲೆಯ ಪ್ರಬಲ ಜಾತಿಯ ಹುಡುಗರ ಮೇಲೆ. ಅವರ ಕಾಟ ತಾಳಲಾರದೆ ಈ ಹುಡುಗ ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದ. ಕಾರಣ ಕೇಳಿದ ಶಿಕ್ಷಕರಿಗೆ ವಿಷಯ ತಿಳಿಸಿದ ಬೆನ್ನಲ್ಲೇ ದಾಳಿ ನಡೆಯಿತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಹುಡುಗ ಸುಮ್ಮನಿರಲಿಲ್ಲ. ಏನಾಗಿದೆ ಎಂದು ಹೇಳಿದ, ಶಾಲೆ ಕೇಳಿಸಿಕೊಂಡಿತು ಕೂಡ. ಆದರೆ ಹೇಳಿದವನನ್ನು ಕಾಯುವ ವ್ಯವಸ್ಥೆ ಅಲ್ಲಿ ಇರಲಿಲ್ಲ. ಗಾಯ ಮಾಯುತ್ತಿದ್ದಾಗಲೇ ಆತ ಬರಹ ಸಹಾಯಕರ ನೆರವಿನಿಂದ ಪಬ್ಲಿಕ್ ಪರೀಕ್ಷೆ ಬರೆದು ಒಳ್ಳೆಯ ಅಂಕಗಳೊಂದಿಗೆ ಪಾಸಾದ.

ಈ ಘಟನೆಯ ನಂತರ ತಮಿಳುನಾಡು ಸರ್ಕಾರ ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ರಚಿಸಿತು. 'ಜೈ ಭೀಮ್' ಸಿನಿಮಾದಲ್ಲಿ ಸೂರ್ಯ ಮಾಡಿದ ವಕೀಲನ ಪಾತ್ರಕ್ಕೆ ಮೂಲ ಇವರೇ. 2024ರ ಜೂನ್ 18ರಂದು ಸಮಿತಿಯ ವರದಿ ಸರ್ಕಾರದ ಕೈ ಸೇರಿತು. ಬಣ್ಣದ ಕೈದಾರ, ಉಂಗುರ, ಹಣೆಯ ಗುರುತುಗಳಿಗೆ ನಿಷೇಧ ಹೇರಬೇಕು ಎಂಬ ಶಿಫಾರಸು ಪತ್ರಿಕೆಗಳ ತಲೆಬರಹವಾಯಿತು. ಮತ್ತೆ ಧರ್ಮದ ವಿಚಾರ ಎತ್ತಿ ಗಲಾಟೆಯಾಯಿತು.

ಹಣೆಯ ಗುರುತು, ದಾರಗಳಲ್ಲಿ ದೇವರ ಹರಕೆಯದೂ ಇರುತ್ತದೆ, ಎಲ್ಲವೂ ಜಾತಿಯದಲ್ಲ ಎಂಬ ಮಾತನ್ನು ತಳ್ಳಿಹಾಕಲಾಗದು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಮೈಮೇಲಿನ ದಾರ ತೆಗೆಸಿದರೆ ಮನೆಯವರಿಗೆ ಎಷ್ಟು ನೋವಾಗುತ್ತದೆ ಎಂಬುದನ್ನು 2025ರ ಏಪ್ರಿಲಿನ ಸಿಇಟಿಯಲ್ಲಿ ಶಿವಮೊಗ್ಗ, ಬೀದರಿನ ಜನಿವಾರ ಪ್ರಕರಣಗಳಲ್ಲಿ ಕರ್ನಾಟಕವೂ ಕಂಡಿದೆ. ಆದರೆ ದಾರದ ಜಗಳದಲ್ಲಿ ಆ ವರದಿಯ ಹೆಚ್ಚು ಮುಖ್ಯವಾದ ಭಾಗ ಮರೆಗೆ ಸರಿಯಿತು.

ಆ ಭಾಗ ಮಕ್ಕಳಿಗಲ್ಲ, ಶಾಲೆಗೆ ಸಂಬಂಧಿಸಿದ್ದು. ಶಾಲೆಗಳ ಹೆಸರಿನಿಂದಲೇ ಜಾತಿ ತೆಗೆಯಿರಿ ಎಂದಿತು ವರದಿ. ಹಾಜರಿ ಪುಸ್ತಕದಲ್ಲಿ ಜಾತಿಯ ವಿವರ ಇರಬಾರದು. ಶಿಕ್ಷಕರು ನೇರವಾಗಿಯಾಗಲಿ, ಸುತ್ತುಬಳಸಿಯಾಗಲಿ ಮಕ್ಕಳನ್ನು ಜಾತಿಯಿಂದ ಗುರುತಿಸಿ ಮಾತಾಡಬಾರದು. ಮಕ್ಕಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಕೂರಿಸಬೇಕು. ಶಿಕ್ಷಕರನ್ನು ನಿಗದಿತ ಅವಧಿಗೊಮ್ಮೆ ವರ್ಗ ಮಾಡಬೇಕು. ಆಯಾ ಪ್ರದೇಶದ ಪ್ರಬಲ ಜಾತಿಯವರನ್ನು ಅಲ್ಲಿನ ಶಿಕ್ಷಣಾಧಿಕಾರಿಯಾಗಿ ನೇಮಿಸಬಾರದು. ದೊಡ್ಡ ಶಾಲೆಗಳಿಗೆ ಮಕ್ಕಳ ದೂರು ಕೇಳುವ ಕಲ್ಯಾಣ ಅಧಿಕಾರಿ ಬೇಕು.

ಎರಡು ಬಗೆಯ ಶಿಫಾರಸುಗಳಿಗೂ ವ್ಯತ್ಯಾಸವಿದೆ. ಹುಡುಗನ ಕೈಯ ದಾರವನ್ನು ಶಾಲೆಯ ಗೇಟಿನಲ್ಲಿ ಕತ್ತರಿಸುವುದು ಒಂದು ನಿಮಿಷದ ಕೆಲಸ. ಶಿಕ್ಷಕರ ನಾಲಿಗೆ, ಕಚೇರಿಯ ಪುಸ್ತಕ, ಅಧಿಕಾರಿಯ ನೇಮಕಾತಿಗೆ ನಿಯಮ ತರುವುದು ಕಷ್ಟ. ಶಿಸ್ತು ಎಂದೊಡನೆ ನಮ್ಮಲ್ಲಿ ಎಲ್ಲರ ಕಣ್ಣು ಹೋಗುವುದು ಮಗುವಿನ ಕಡೆಗೇ. ಅದೇ ಶಿಸ್ತು ಶಾಲೆಗೂ ಅನ್ವಯಿಸದಿದ್ದರೆ ದಾರ ಹೋದರೂ ಭೇದ ಹೋಗುವುದಿಲ್ಲ.

ಇದು ದೂರದ ಹಳ್ಳಿಯ ಕಥೆ, ನಗರಕ್ಕೆ ಸಂಬಂಧವಿಲ್ಲ ಎನ್ನುವಂತಿಲ್ಲ. 2008ರ ನವೆಂಬರ್ 12ರಂದು ಚೆನ್ನೈ ಹೈಕೋರ್ಟಿನ ಪಕ್ಕದಲ್ಲೇ ಇದ್ದ ಅಂಬೇಡ್ಕರ್ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಎರಡು ಜಾತಿಗಳ ವಿದ್ಯಾರ್ಥಿಗಳು ದೊಣ್ಣೆ ಹಿಡಿದು ಬಡಿದಾಡಿದರು. ನೆಲಕ್ಕೆ ಬಿದ್ದವರನ್ನು ಬಡಿಯುತ್ತಿದ್ದಾಗ ಪೊಲೀಸರು ನೋಡುತ್ತ ನಿಂತಿದ್ದ ದೃಶ್ಯವನ್ನು ಇಡೀ ರಾಜ್ಯ ಟಿವಿಯಲ್ಲಿ ಕಂಡಿತು.

2015ರ ಮೇ ತಿಂಗಳಲ್ಲಿ ಐಐಟಿ ಮದ್ರಾಸ್ ತನ್ನ ವಿದ್ಯಾರ್ಥಿಗಳ ಅಂಬೇಡ್ಕರ್ ಪೆರಿಯಾರ್ ಅಧ್ಯಯನ ವೃತ್ತದ ಮಾನ್ಯತೆ ರದ್ದು ಮಾಡಿತು. ಹೆಸರಿಲ್ಲದ ದೂರೊಂದು ದೆಹಲಿಯ ಸಚಿವಾಲಯದ ಮೂಲಕ ಬಂದಿತ್ತು. ಕೊಟ್ಟ ಕಾರಣ ಸೌಲಭ್ಯದ ದುರುಪಯೋಗ. ತಮ್ಮ ಮಾತು ಕೇಳಲೇ ಇಲ್ಲ ಎಂಬುದು ವಿದ್ಯಾರ್ಥಿಗಳ ದೂರು. ದೇಶದಾದ್ಯಂತ ಪ್ರತಿಭಟನೆ ನಡೆದ ಮೇಲೆ ಜೂನ್ 7ರಂದು ಮಾನ್ಯತೆ ಮರಳಿತು. ಜಾತಿಯ ಹೆಸರಲ್ಲಿ ಬಡಿದಾಟ ನಡೆದಾಗ ಮುಂದೆ ಬಾರದ ಶಿಸ್ತು, ಜಾತಿಯ ಬಗ್ಗೆ ಚರ್ಚೆ ಮಾಡಿದವರ ಮೇಲೆ ಮಾತ್ರ ಬೇಗ ಬಿತ್ತು.

ನಮ್ಮ ರಾಜ್ಯ ಇದಕ್ಕಿಂತ ಮೇಲು ಎನ್ನೋಣವೇ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ವಿಡಿಯೊದಿಂದ ಬಯಲಾಯಿತು. ಅಲ್ಲಿ ಯಾರ ಕೈಯಲ್ಲೂ ಬಣ್ಣದ ದಾರ ಇರಬೇಕಾಗಿರಲಿಲ್ಲ.

ಚರ್ಮದ ಬಣ್ಣ, ಮುಖದ ಲಕ್ಷಣ, ಭಾಷೆ ನೋಡಿ ಬೇರೆ ಮಾಡುವುದೂ ಇದೇ ರೋಗ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ದೆಹಲಿಯಲ್ಲಿ ಹಲ್ಲೆಯ ನಂತರ ಸತ್ತಾಗ ಕೇಂದ್ರ ಸರ್ಕಾರ ಬೆಜ್ಬರುವಾ ಸಮಿತಿ ರಚಿಸಿತು. 2016ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಮಾಡಿದವರು ಬೇರೆ ಯಾರೋ, ಆಕೆಯ ತಪ್ಪು ಬಣ್ಣ ಮಾತ್ರ.

ಅದೇ ವರ್ಷ ಯುಜಿಸಿ ತನ್ನ ರ‍್ಯಾಗಿಂಗ್ ತಡೆ ನಿಯಮಕ್ಕೆ ತಿದ್ದುಪಡಿ ತಂದಿತು. ಬಣ್ಣ, ಜನಾಂಗ, ಧರ್ಮ, ಜಾತಿ, ರೂಪ, ರಾಷ್ಟ್ರೀಯತೆ, ಪ್ರಾದೇಶಿಕ ಮೂಲ, ಭಾಷೆ, ಹುಟ್ಟಿದ ಊರು, ಹಣದ ಸ್ಥಿತಿ, ಇವುಗಳ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸಿದರೆ, ಹೀಯಾಳಿಸಿದರೆ, ಹೊರಗಿಟ್ಟರೆ ಅದು ರ‍್ಯಾಗಿಂಗ್. ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೂ ಈ ನಿಯಮ ರಕ್ಷಣೆ ಕೊಡುತ್ತದೆ. ದೂರಿಗೆ 1800-180-5522 ಎಂಬ ಸಹಾಯವಾಣಿ ಇದೆ.

ಶಾಲೆಯ ಮಟ್ಟದಲ್ಲೂ ಕಾನೂನು ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ತಾರತಮ್ಯವನ್ನೂ ಶಿಕ್ಷೆಯ ಒಂದು ರೂಪವೆಂದೇ ಎಣಿಸುತ್ತದೆ. ಜಾತಿ ನೋಡಿ ಕೂರಿಸುವುದು, ಜಾತಿ ನೋಡಿ ಶೌಚಾಲಯ ತೊಳೆಸುವುದು, ಫೀ ಕಟ್ಟಿಲ್ಲವೆಂದು ಹಂಗಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಮದ್ರಾಸ್ ಹೈಕೋರ್ಟ್ 2024ರ ಏಪ್ರಿಲಿನಲ್ಲಿ ತಮಿಳುನಾಡು ಸರ್ಕಾರಕ್ಕೆ ಸೂಚಿಸಿತು. ಶಾಲೆಗೆ ಸಂಬಂಧಿಸಿದ ದೂರಿಗೆ ಇಲ್ಲಿ 14417, ಸಂಕಷ್ಟದಲ್ಲಿರುವ ಮಕ್ಕಳಿಗೆ ದೇಶದೆಲ್ಲೆಡೆ 1098.

ಹೊರನಾಡಿನಲ್ಲಿ ನಾವು ಅತಿಥಿಗಳ ಹಾಗೆ ಬದುಕುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಅಂಕ, ಹೋಂವರ್ಕ್, ವ್ಯಾನಿನ ಸಮಯ ಕೇಳಿ ಎದ್ದು ಬರುತ್ತೇವೆ. ತಮಿಳು ಸರಿಯಾಗಿ ಬರುವುದಿಲ್ಲ, ನಮಗೇಕೆ ಊರ ಉಸಾಬರಿ ಎಂಬ ಸಂಕೋಚ. ಮುಂದಿನ ಮೀಟಿಂಗಿನಲ್ಲಿ ಇನ್ನು ಮೂರು ಪ್ರಶ್ನೆ ಸೇರಿಸಬಹುದು. ಮಗು ದೂರು ಕೊಟ್ಟರೆ ಅದನ್ನು ತರಗತಿಯ ಶಿಕ್ಷಕರಲ್ಲದೆ ಬೇರೆ ಯಾರು ಓದುತ್ತಾರೆ? ದೂರು ಕೊಟ್ಟ ಮಗು ಮರುದಿನ ಶಾಲೆಗೆ ಬಂದಾಗ ಯಾರು ನೋಡಿಕೊಳ್ಳುತ್ತಾರೆ? ಶಿಕ್ಷೆ ಕೊಡುವ ಮೊದಲು ಮಗುವಿನ ಮಾತು ಕೇಳುವ ಪದ್ಧತಿ ಇದೆಯೇ?

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಮಗ ಹೊಸ ಗೆಳೆಯನ ಹೆಸರು ಹೇಳಿದಾಗ 'ಅವರು ಯಾವ ಕಡೆಯವರು' ಎಂದು ನಾವು ಕೇಳುತ್ತೇವಲ್ಲ, ಊರಿನ ನೆಪದಲ್ಲಿ ತಿಳಿಯಬೇಕಾದದ್ದು ಏನು ಎಂದು ಆ ಮಗುವಿಗೂ ಬೇಗ ಅರ್ಥವಾಗುತ್ತದೆ. ಅದರ ಬದಲು ಊಟದ ಬಿಡುವಿನಲ್ಲಿ ನಿಮ್ಮ ತರಗತಿಯಲ್ಲಿ ಒಬ್ಬರೇ ಕೂರುವವರು ಯಾರು ಎಂದು ಕೇಳಿ ನೋಡೋಣ.