ವಾಹನದೊಳಗಿನ ದತ್ತಾಂಶ ಜಾಲ: ನಿಯಂತ್ರಣ ಘಟಕಗಳ ಪರಸ್ಪರ ಸಂವಹನದ ತತ್ತ್ವ ಮತ್ತು ಮಿತಿ

ಮೋಟಾರು ವಾಹನವನ್ನು ಕೇವಲ ಯಾಂತ್ರಿಕ ಸಾಧನವೆಂದು ಪರಿಗಣಿಸುವ ಕಾಲ ಕಳೆದು ಹಲವು ದಶಕಗಳಾಗಿವೆ. ಎಂಜಿನ್ನಿಗೆ ಇಂಧನವನ್ನು ಸಿಂಪಡಿಸುವ ಕ್ಷಣ, ಗೇರಿನ ಬದಲಾವಣೆ, ಬ್ರೇಕಿನ ಒತ್ತಡ, ಅಪಘಾತದ ಸಮಯದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಿಕೆ, ಕಿಟಕಿಯ ಗಾಜಿನ ಏರಿಳಿತ ಮುಂತಾದವುಗಳನ್ನು ಇಂದು ಪ್ರತ್ಯೇಕ ವಿದ್ಯುನ್ಮಾನ ನಿಯಂತ್ರಣ ಘಟಕಗಳು ನಿರ್ವಹಿಸುತ್ತವೆ. ಪ್ರತಿಯೊಂದು ಘಟಕವೂ ಒಂದು ಚಿಕ್ಕ ಗಣಕ. ಸಂವೇದಕಗಳಿಂದ ಮಾಹಿತಿಯನ್ನು ಪಡೆದು, ಸಂಸ್ಕರಿಸಿ, ಮೋಟಾರು ಅಥವಾ ಕವಾಟಕ್ಕೆ ಆದೇಶ ನೀಡುವುದು ಅದರ ಕಾರ್ಯ. ಸಾಮಾನ್ಯ ಕಾರಿನಲ್ಲಿಯೂ ಇಂತಹ ಹತ್ತಾರು ಘಟಕಗಳಿರುತ್ತವೆ.

ಈ ಘಟಕಗಳು ಪರಸ್ಪರ ಮಾಹಿತಿಯನ್ನು ಹಂಚಿಕೊಳ್ಳದೆ ವಾಹನವು ಸುಸೂತ್ರವಾಗಿ ಚಲಿಸಲಾರದು. ಅದಕ್ಕಾಗಿ ರೂಪುಗೊಂಡ ಜಾಲಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’, ಸಂಕ್ಷಿಪ್ತವಾಗಿ ‘ಕ್ಯಾನ್’. ಏಕಕಾಲದಲ್ಲಿ ಹಲವರು ಮಾತನಾಡಲು ಬಯಸಿದಾಗ ಮೊದಲ ಸರದಿ ಯಾರದು ಎಂಬ ಪ್ರಶ್ನೆಗೆ ಈ ಜಾಲವು ಸಮರ್ಥವಾದ ಉತ್ತರವನ್ನು ನೀಡಿತು. ಆದರೆ ಮಾತನಾಡುತ್ತಿರುವುದು ನಿಜವಾಗಿ ಯಾರು ಎಂಬ ಪ್ರಶ್ನೆಯನ್ನು ಅದು ಕೇಳಲಿಲ್ಲ. ಮೊದಲನೆಯದರ ಸಾಧನೆಯನ್ನೂ ಎರಡನೆಯದರ ಪರಿಣಾಮವನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ತಂತಿಗಳ ಹೊರೆ

ಆರಂಭದ ವಿದ್ಯುನ್ಮಾನ ವ್ಯವಸ್ಥೆಗಳಲ್ಲಿ ಪ್ರತಿಯೊಂದು ಸಂಕೇತಕ್ಕೂ ಪ್ರತ್ಯೇಕ ತಂತಿಯನ್ನು ಎಳೆಯಲಾಗುತ್ತಿತ್ತು. ಚಕ್ರದ ವೇಗವನ್ನು ಅಳೆಯುವ ಸಂವೇದಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚಕ್ರ ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆಗೆ ಈ ಮಾಹಿತಿ ಬೇಕು. ವೇಗಮಾಪಕಕ್ಕೆ, ಸ್ವಯಂಚಾಲಿತ ಗೇರಿನ ಘಟಕಕ್ಕೆ, ಎಂಜಿನ್ ಘಟಕಕ್ಕೆ ಕೂಡ ಅದೇ ಮಾಹಿತಿ ಬೇಕು. ಪ್ರತಿ ಜೋಡಿಗೂ ಒಂದು ನೇರ ಸಂಪರ್ಕವನ್ನು ಕಲ್ಪಿಸುವುದಾದರೆ 10 ಘಟಕಗಳಿಗೆ 45 ಸಂಪರ್ಕಗಳು, 20 ಘಟಕಗಳಿಗೆ 190 ಸಂಪರ್ಕಗಳು ಬೇಕಾಗುತ್ತವೆ. ಘಟಕಗಳು ಇಮ್ಮಡಿಯಾದರೆ ಸಂಪರ್ಕಗಳು ನಾಲ್ಕು ಪಟ್ಟಿಗಿಂತಲೂ ಹೆಚ್ಚಾಗುತ್ತವೆ. ತಾಮ್ರದ ತೂಕ ಮತ್ತು ವೆಚ್ಚದ ಜೊತೆಗೆ, ಸಡಿಲಗೊಳ್ಳಬಹುದಾದ ಪ್ರತಿಯೊಂದು ಜೋಡಣೆಯೂ ದೋಷಕ್ಕೆ ಎಡೆಮಾಡಿಕೊಡುತ್ತದೆ. ಎಲ್ಲ ಘಟಕಗಳಿಗೂ ಸಮಾನವಾದ ಒಂದೇ ಮಾರ್ಗವನ್ನು ಕಲ್ಪಿಸುವುದು ಇದಕ್ಕೆ ಪರಿಹಾರವಾಗಿತ್ತು.

ಕ್ಯಾನ್ ಜಾಲದ ಉಗಮ

ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆಯು 1983ರಲ್ಲಿ ಈ ದಿಶೆಯಲ್ಲಿ ಕಾರ್ಯಾರಂಭ ಮಾಡಿತು. ಬೆಂಗಳೂರಿನ ಜನರಿಗೆ ‘ಮೈಕೋ’ ಎಂಬ ಹೆಸರಿನಿಂದ ಪರಿಚಿತವಾಗಿದ್ದು, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ನಾಮಾಂತರಗೊಂಡ ಕಂಪನಿಯು ಇದೇ ಸಮೂಹಕ್ಕೆ ಸೇರಿದೆ. 1986ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನಡೆದ ಮೋಟಾರು ಎಂಜಿನಿಯರುಗಳ ಸಮಾವೇಶದಲ್ಲಿ ಕ್ಯಾನ್ ನಿಯಮಾವಳಿಯನ್ನು ಮಂಡಿಸಲಾಯಿತು. ಮರುವರ್ಷ ಇಂಟೆಲ್ ಸಂಸ್ಥೆ ಇದಕ್ಕೆಂದೇ ರೂಪಿಸಿದ ಮೊದಲ ಚಿಪ್ ಹೊರತಂದಿತು. 1991ರಲ್ಲಿ ಬಂದ ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್ ಈ ಜಾಲವನ್ನು ಅಳವಡಿಸಿಕೊಂಡ ಮೊದಲ ಕಾರುಗಳಲ್ಲಿ ಒಂದು. 1993ರಲ್ಲಿ ಇದು ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಎರಡು ತಂತಿಗಳ ಮಾರ್ಗ

ಕ್ಯಾನ್ ಮಾರ್ಗವು ಒಂದಕ್ಕೊಂದು ಹೆಣೆದ ಎರಡು ತಂತಿಗಳಿಂದ ಕೂಡಿದೆ. ವಿರಾಮ ಸ್ಥಿತಿಯಲ್ಲಿ ಎರಡರಲ್ಲಿಯೂ ಸುಮಾರು 2.5 ವೋಲ್ಟ್ ಇರುತ್ತದೆ. ದ್ವಿಮಾನ ಪದ್ಧತಿಯ 1 ಎಂಬ ಅಂಕಿಯನ್ನು ಸೂಚಿಸುವ ಇದಕ್ಕೆ ದುರ್ಬಲ ಸ್ಥಿತಿ ಎನ್ನಬಹುದು. 0 ಎಂಬ ಅಂಕಿಯನ್ನು ಕಳುಹಿಸುವ ಘಟಕವು ಒಂದು ತಂತಿಯನ್ನು ಸುಮಾರು 3.5 ವೋಲ್ಟಿಗೆ ಏರಿಸಿ ಇನ್ನೊಂದನ್ನು 1.5 ವೋಲ್ಟಿಗೆ ಇಳಿಸುತ್ತದೆ. ಇದು ಪ್ರಬಲ ಸ್ಥಿತಿ. ಸ್ವೀಕರಿಸುವ ಘಟಕಗಳು ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ಗಮನಿಸುತ್ತವೆ. ಎಂಜಿನ್ನಿನ ಕಿಡಿಯಿಂದ ಹೊಮ್ಮುವ ವಿದ್ಯುತ್ ಗದ್ದಲವು ಎರಡೂ ತಂತಿಗಳನ್ನು ಸಮನಾಗಿ ತಟ್ಟುವುದರಿಂದ ವ್ಯತ್ಯಾಸವು ಬಹುಮಟ್ಟಿಗೆ ಬದಲಾಗದೆ ಉಳಿಯುತ್ತದೆ.

ಸಂಕೇತವು ಮಾರ್ಗದ ಅಂಚಿನಲ್ಲಿ ಪ್ರತಿಫಲಿಸದಂತೆ ಎರಡು ತುದಿಗಳಲ್ಲಿಯೂ 120 ಓಮ್ ರೋಧಕಗಳನ್ನು ಇಡಲಾಗುತ್ತದೆ. ವಿದ್ಯುತ್ ಸಂಪರ್ಕವನ್ನು ಕಡಿದು ಎರಡು ತಂತಿಗಳ ನಡುವೆ ಅಳೆದಾಗ ಸುಮಾರು 60 ಓಮ್ ಕಂಡುಬಂದರೆ ಎರಡೂ ರೋಧಕಗಳು ಸರಿಯಾಗಿವೆಯೆಂದು ದುರಸ್ತಿಗಾರರು ತಿಳಿಯುತ್ತಾರೆ. 120 ಓಮ್ ಕಂಡುಬಂದರೆ ಒಂದು ರೋಧಕ ಅಥವಾ ಅದರೆಡೆಗಿನ ತಂತಿ ಕಡಿದಿದೆ ಎಂದರ್ಥ.

ಸರದಿಯ ನಿರ್ಣಯ

ಕ್ಯಾನ್ ಸಂದೇಶದಲ್ಲಿ ಕಳುಹಿಸಿದವರ ವಿಳಾಸವಾಗಲಿ ಸ್ವೀಕರಿಸುವವರ ವಿಳಾಸವಾಗಲಿ ಇರುವುದಿಲ್ಲ. ಅದರ ಆರಂಭದಲ್ಲಿರುವುದು 11 ಬಿಟ್‌ಗಳ ಒಂದು ಗುರುತು ಸಂಖ್ಯೆ. ವಿಸ್ತೃತ ರೂಪದಲ್ಲಿ ಇದು 29 ಬಿಟ್‌ಗಳಷ್ಟಾಗುತ್ತದೆ. ‘ಇದು ಚಕ್ರದ ವೇಗ’, ‘ಇದು ಎಂಜಿನ್ನಿನ ಉಷ್ಣತೆ’ ಎಂದು ಸಂದೇಶದ ವಿಷಯವನ್ನಷ್ಟೇ ಈ ಸಂಖ್ಯೆ ತಿಳಿಸುತ್ತದೆ. ಅನಂತರ ಗರಿಷ್ಠ 8 ಬೈಟ್‌ಗಳ ದತ್ತಾಂಶ, ದೋಷಪತ್ತೆಗಾಗಿ 15 ಬಿಟ್‌ಗಳ ಪರಿಶೀಲನಾ ಸಂಖ್ಯೆ ಮತ್ತು ಸ್ವೀಕೃತಿಯ ಸೂಚನೆ ಬರುತ್ತವೆ. ಮಾರ್ಗದಲ್ಲಿರುವ ಎಲ್ಲ ಘಟಕಗಳೂ ಸಂದೇಶವನ್ನು ಆಲಿಸುತ್ತವೆ. ತನಗೆ ಬೇಕಾದುದನ್ನು ಪ್ರತಿ ಘಟಕವೂ ಆಯ್ದುಕೊಳ್ಳುತ್ತದೆ.

ಎರಡು ಘಟಕಗಳು ಒಮ್ಮೆಲೇ ಸಂದೇಶವನ್ನು ಆರಂಭಿಸಿದರೆ ಆಗುವುದೇನು? ಒಂದು ಘಟಕವು 1 ಕಳುಹಿಸುತ್ತಿರುವಾಗ ಮತ್ತೊಂದು 0 ಕಳುಹಿಸಿದರೆ ಮಾರ್ಗವು ಪ್ರಬಲ ಸ್ಥಿತಿಯನ್ನೇ ತಾಳುತ್ತದೆ. ಪ್ರತಿ ಘಟಕವೂ ತಾನು ಕಳುಹಿಸಿದ ಬಿಟ್ ಮಾರ್ಗದಲ್ಲಿ ಕಾಣುತ್ತಿದೆಯೇ ಎಂದು ಪರೀಕ್ಷಿಸುತ್ತಿರುತ್ತದೆ. ಮೂರು ಘಟಕಗಳು ಕ್ರಮವಾಗಿ 00010110010, 00010100111 ಮತ್ತು 01100000001 ಎಂಬ ಗುರುತು ಸಂಖ್ಯೆಗಳೊಂದಿಗೆ ಹೊರಟಿವೆ ಎಂದು ಭಾವಿಸೋಣ. ಎರಡನೆಯ ಬಿಟ್‌ನಲ್ಲಿ ಮೂರನೆಯ ಘಟಕವು 1 ಕಳುಹಿಸಿ 0 ಕಾಣುವುದರಿಂದ ಹಿಂದೆ ಸರಿಯುತ್ತದೆ. ಏಳನೆಯ ಬಿಟ್‌ನಲ್ಲಿ ಮೊದಲನೆಯ ಘಟಕ ಹಿಂದೆ ಸರಿಯುತ್ತದೆ. ಎರಡನೆಯ ಘಟಕದ ಸಂದೇಶವು ಒಂದು ಬಿಟ್ ಕೂಡ ಕೆಡದೆ ಮುಂದುವರಿಯುತ್ತದೆ. ಹಿಂದೆ ಸರಿದವು ಮಾರ್ಗ ಬಿಡುವಾದೊಡನೆ ಪುನಃ ಪ್ರಯತ್ನಿಸುತ್ತವೆ.

ಹೀಗೆ ಗುರುತು ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು. ಬ್ರೇಕಿಗೆ ಸಂಬಂಧಿಸಿದ ಸಂದೇಶಕ್ಕೆ ಚಿಕ್ಕ ಸಂಖ್ಯೆಯನ್ನೂ ಕಿಟಕಿಯ ಗಾಜಿಗೆ ಸಂಬಂಧಿಸಿದ ಸಂದೇಶಕ್ಕೆ ದೊಡ್ಡ ಸಂಖ್ಯೆಯನ್ನೂ ನೀಡಲು ಇದರಿಂದ ಸಾಧ್ಯವಾಗುತ್ತದೆ. ಸೆಕೆಂಡಿಗೆ 5 ಲಕ್ಷ ಬಿಟ್ ವೇಗದ ಜಾಲದಲ್ಲಿ 8 ಬೈಟ್‌ಗಳ ಒಂದು ಸಾಮಾನ್ಯ ಸಂದೇಶಕ್ಕೆ ಹೆಚ್ಚೆಂದರೆ 0.27 ಮಿಲಿಸೆಕೆಂಡು ಹಿಡಿಯುತ್ತದೆ. ಅತ್ಯುಚ್ಚ ಆದ್ಯತೆಯ ಸಂದೇಶವು ಆಗಲೇ ಮಾರ್ಗದಲ್ಲಿರುವ ಒಂದು ಸಂದೇಶ ಮುಗಿಯುವಷ್ಟು ಕಾಲ ಮಾತ್ರ ಕಾಯಬೇಕಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಕ್ರಮಿಸುವ ದೂರ ಒಂದು ಸೆಂಟಿಮೀಟರಿಗಿಂತಲೂ ಕಡಿಮೆ.

ದೋಷನಿವಾರಣೆ

ಸಂದೇಶದಲ್ಲಿ ದೋಷ ಕಂಡ ಯಾವುದೇ ಘಟಕವು ಒಡನೆಯೇ ದೋಷಸೂಚನೆಯನ್ನು ಹೊರಡಿಸುತ್ತದೆ. ಆಗ ಎಲ್ಲ ಘಟಕಗಳೂ ಆ ಸಂದೇಶವನ್ನು ತಿರಸ್ಕರಿಸುತ್ತವೆ ಮತ್ತು ಕಳುಹಿಸಿದ ಘಟಕವು ಅದನ್ನು ಮತ್ತೆ ಕಳುಹಿಸುತ್ತದೆ. ಕೆಟ್ಟುಹೋದ ಘಟಕವೊಂದು ಪದೇಪದೇ ಜಾಲವನ್ನು ಕಲಕದಂತೆ ಪ್ರತಿ ಘಟಕವೂ ತನ್ನ ದೋಷಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಪ್ರಸಾರದ ಪ್ರತಿ ದೋಷಕ್ಕೆ ಈ ಲೆಕ್ಕ 8ರಷ್ಟು ಏರುತ್ತದೆ, ಪ್ರತಿ ಯಶಸ್ಸಿಗೆ 1ರಷ್ಟು ಇಳಿಯುತ್ತದೆ. ಅದು 255ನ್ನು ಮೀರಿದಾಗ ಘಟಕವು ತಾನಾಗಿಯೇ ಮಾರ್ಗದಿಂದ ಹೊರಗುಳಿಯುತ್ತದೆ.

ಜೊತೆಗಿರುವ ಇತರ ಜಾಲಗಳು

ವಾಹನದ ಎಲ್ಲ ಅಗತ್ಯಗಳನ್ನೂ ಕ್ಯಾನ್ ಒಂದೇ ಪೂರೈಸದು. ಕನ್ನಡಿ, ಆಸನಗಳ ಚಲನೆಯಂತಹ ಸರಳ ಕೆಲಸಗಳಿಗೆ ಒಂದೇ ತಂತಿಯ, ಸೆಕೆಂಡಿಗೆ 20 ಸಾವಿರ ಬಿಟ್ ವೇಗದ ‘ಲಿನ್’ ಜಾಲ ಸಾಕು. ಕಾಲಬದ್ಧ ಪ್ರಸಾರದ ‘ಫ್ಲೆಕ್ಸ್‌ರೇ’ ಜಾಲವು 2006ರಲ್ಲಿ ಬಿಎಂಡಬ್ಲ್ಯೂ ಎಕ್ಸ್5 ಕಾರಿನ ಮೂಲಕ ಬಳಕೆಗೆ ಬಂದಿತು. 2012ರಲ್ಲಿ ಪ್ರಕಟವಾದ ‘ಕ್ಯಾನ್ ಎಫ್‌ಡಿ’ ಒಂದು ಸಂದೇಶದಲ್ಲಿ 64 ಬೈಟ್‌ಗಳವರೆಗೆ ಕಳುಹಿಸಲು ಅವಕಾಶ ನೀಡಿತು. ಕ್ಯಾಮೆರಾದಂತಹ ಸಾಧನಗಳಿಗೆ ಈಥರ್‌ನೆಟ್ ಬಳಕೆಯಾಗುತ್ತಿದೆ. ಈ ಭಿನ್ನ ಜಾಲಗಳ ನಡುವೆ ಸಂದೇಶಗಳನ್ನು ದಾಟಿಸುವ ಘಟಕಕ್ಕೆ ‘ಗೇಟ್‌ವೇ’ ಎಂದು ಹೆಸರು.

ನಂಬಿಕೆಯ ಮಿತಿ

ಒಂದು ಗುರುತು ಸಂಖ್ಯೆಯನ್ನು ಒಂದೇ ಘಟಕ ಬಳಸಬೇಕೆಂಬುದು ವಿನ್ಯಾಸಕಾರರ ಒಡಂಬಡಿಕೆ. ಅದನ್ನು ಜಾರಿಗೊಳಿಸುವ ವ್ಯವಸ್ಥೆ ಕ್ಯಾನ್ ಜಾಲದಲ್ಲಿಲ್ಲ. ಮಾರ್ಗವನ್ನು ಪ್ರವೇಶಿಸಿದ ಯಾವುದೇ ಸಾಧನವು ಬ್ರೇಕ್ ಘಟಕದ ಹೆಸರಿನಲ್ಲಿ ಮಾತನಾಡಬಲ್ಲದು, ಕೇಳುವ ಘಟಕಗಳು ಅದನ್ನು ನಂಬುತ್ತವೆ. ಹೊರಗಿನವರಿಗೆ ಪ್ರವೇಶವೇ ಇಲ್ಲದ ಮುಚ್ಚಿದ ವಾಹನದಲ್ಲಿ ಇದು ದೋಷವೆನಿಸಿರಲಿಲ್ಲ. ಪರಿಸ್ಥಿತಿ ಬದಲಾದುದು ವಾಹನದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡಾಗ.

ಹೊಗೆ ನಿಯಂತ್ರಣ ಕಾಯಿದೆಗಳಿಂದಾಗಿ ಬಂದ 16 ಪಿನ್ನುಗಳ ದೋಷಪರೀಕ್ಷಾ ಕಿಂಡಿ ಮೊದಲ ಬಾಗಿಲು. ಅದರ 6 ಮತ್ತು 14ನೆಯ ಪಿನ್ನುಗಳು ಕ್ಯಾನ್ ತಂತಿಗಳಿಗೆ ಮೀಸಲು. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಈ ಕಿಂಡಿಯ ಮೂಲಕ ಸಂದೇಶಗಳನ್ನು ಕಳುಹಿಸಿ, ಎಂಜಿನ್ ನಿಲ್ಲಿಸಬಹುದು, ಬ್ರೇಕ್ ನಿಷ್ಫಲಗೊಳಿಸಬಹುದು ಎಂಬುದನ್ನು ತೋರಿಸಿದರು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಜೀಪ್ ಚೆರೋಕಿ ಕಾರನ್ನು ಮುಟ್ಟದೆಯೇ, ಅದರ ಮನರಂಜನಾ ಘಟಕದ ಮೊಬೈಲ್ ಸಂಪರ್ಕದ ಮೂಲಕ ಕ್ಯಾನ್ ಜಾಲವನ್ನು ಪ್ರವೇಶಿಸಿದರು. ತಯಾರಕರು ಅಮೆರಿಕದಲ್ಲಿ ಸುಮಾರು 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ದೋಷಗಳನ್ನು ಉದ್ದೇಶಪೂರ್ವಕವಾಗಿ ಉಂಟುಮಾಡಿ ಸುಸ್ಥಿತಿಯ ಘಟಕವನ್ನೇ ಮಾರ್ಗದಿಂದ ಹೊರದೂಡಬಹುದೆಂಬುದು 2016ರಲ್ಲಿ ನಿರೂಪಿತವಾಯಿತು. ರಕ್ಷಣೆಗಾಗಿ ಇದ್ದ ಲೆಕ್ಕವೇ ಇಲ್ಲಿ ಆಕ್ರಮಣದ ಸಾಧನವಾಯಿತು. ಮುಂಭಾಗದ ದೀಪದ ತಂತಿಗಳ ಮೂಲಕ ಸುಳ್ಳು ಸಂದೇಶ ತೂರಿಸಿ ಕಾರುಗಳನ್ನು ಕದಿಯುವ ವಿಧಾನವು 2023ರಲ್ಲಿ ಬಹಿರಂಗವಾಯಿತು.

ಇದಕ್ಕೆ ಪ್ರತಿಯಾಗಿ ಮನರಂಜನಾ ಘಟಕವನ್ನು ಬ್ರೇಕ್, ಎಂಜಿನ್ ಜಾಲಗಳಿಂದ ಬೇರ್ಪಡಿಸಿ, ಅನುಮತಿಯಿರುವ ಸಂದೇಶಗಳನ್ನು ಮಾತ್ರ ಗೇಟ್‌ವೇ ಮೂಲಕ ಬಿಡುವುದು ಒಂದು ಕ್ರಮ. ಸಂದೇಶದೊಂದಿಗೆ ಗುಪ್ತ ಕೀಲಿಯಿಂದ ರಚಿಸಿದ ದೃಢೀಕರಣ ಸಂಖ್ಯೆಯನ್ನು ಸೇರಿಸುವುದು ಇನ್ನೊಂದು. 8 ಬೈಟ್‌ಗಳ ಸಂದೇಶದಲ್ಲಿ ಇದಕ್ಕೆ ಸ್ಥಳಾವಕಾಶ ಕಡಿಮೆಯಿರುವುದರಿಂದ ಕ್ಯಾನ್ ಎಫ್‌ಡಿಯ ವಿಸ್ತೃತ ಸಂದೇಶ ಇಲ್ಲಿ ನೆರವಾಗುತ್ತದೆ. ವಾಹನಗಳ ಸೈಬರ್ ಸುರಕ್ಷತೆ ಕುರಿತ ವಿಶ್ವಸಂಸ್ಥೆಯ 155ನೆಯ ನಿಯಮವು 2021ರಲ್ಲಿ ಜಾರಿಗೆ ಬಂದಿತು.

ಉಪಸಂಹಾರ

ಕ್ಯಾನ್ ಜಾಲದ ವಿನ್ಯಾಸವು ತನ್ನ ಮುಂದಿದ್ದ ಸಮಸ್ಯೆಯನ್ನು ಅತ್ಯಂತ ಮಿತವ್ಯಯದಿಂದ ಬಗೆಹರಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ತಂತಿಯ ಕಡಿತ, ವಿದ್ಯುತ್ ಗದ್ದಲ, ಘಟಕದ ವೈಫಲ್ಯ ಇವೆಲ್ಲ ಆಕಸ್ಮಿಕಗಳು. ಅವುಗಳನ್ನು ಎದುರಿಸುವ ಸಾಮರ್ಥ್ಯ ಈ ಜಾಲಕ್ಕಿದೆ. ಉದ್ದೇಶಪೂರ್ವಕವಾದ ಸುಳ್ಳನ್ನು ಗುರುತಿಸುವ ಸಾಮರ್ಥ್ಯ ಮೂಲ ನಿಯಮಾವಳಿಯಲ್ಲಿಲ್ಲ. ಮುಚ್ಚಿದ ವ್ಯವಸ್ಥೆಗಾಗಿ ರೂಪಿಸಿದ ತಂತ್ರವನ್ನು ಹೊರಜಗತ್ತಿಗೆ ಜೋಡಿಸುವಾಗ ಅದರ ಮೂಲ ಗೃಹೀತಗಳನ್ನು ಮರುಪರಿಶೀಲಿಸಬೇಕೆಂಬುದು ಇದರಿಂದ ದೊರೆಯುವ ಪಾಠ. ಈ ಪಾಠವು ವಾಹನಗಳಿಗೆ ಮಾತ್ರವಲ್ಲದೆ, ಇದೇ ಜಾಲವನ್ನು ಬಳಸುವ ಕಾರ್ಖಾನೆಯ ಯಂತ್ರಗಳಿಗೂ ವೈದ್ಯಕೀಯ ಉಪಕರಣಗಳಿಗೂ ಅನ್ವಯಿಸುತ್ತದೆ.