ತೋರಣಗಲ್ಲಿನಿಂದ ಕಲಬುರಗಿಗೆ ಆಕಾಶದ ಲೆಕ್ಕ

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಒಂದು ವಿಮಾನ ನಿಲ್ದಾಣವಿದೆ. ಹೆಸರು ವಿದ್ಯಾನಗರ. ಉಕ್ಕಿನ ಕಾರ್ಖಾನೆಯ ಪಕ್ಕದ ಈ ಪುಟ್ಟ ನಿಲ್ದಾಣಕ್ಕೆ 2017ರಲ್ಲಿ 'ಉಡಾನ್' ಯೋಜನೆಯ ವಿಮಾನ ಬಂತು. ಹಂಪಿ ನೋಡುವವರು ಇಲ್ಲಿಳಿದು ಹೊಸಪೇಟೆಗೆ ಗಾಡಿ ಹಿಡಿಯುತ್ತಾರೆ. ಕಲಬುರಗಿಯ ನಿಲ್ದಾಣ ಶುರುವಾದದ್ದು 2019ರ ನವೆಂಬರಿನಲ್ಲಿ. ಇವೆರಡರ ನಡುವೆ ಎಷ್ಟು ದೂರ?

ಮಕ್ಕಳೇ, ಇದಕ್ಕೆ ಅಟ್ಲಾಸ್ ಸಾಕು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360ರಿಂದ ಭಾಗಿಸಿ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಬರುತ್ತದೆ. ತೋರಣಗಲ್ಲು 15.2 ಡಿಗ್ರಿಯಲ್ಲಿದೆ, ಕಲಬುರಗಿ 17.3ರಲ್ಲಿ. ವ್ಯತ್ಯಾಸ 2.1. ಗುಣಿಸಿದರೆ 233. ಕಲಬುರಗಿ ತುಸು ಪೂರ್ವಕ್ಕೆ ವಾಲಿರುವುದರಿಂದ ಓರೆಗೆರೆ ಇನ್ನಷ್ಟು ಉದ್ದ, ಸುಮಾರು 240 ಕಿ.ಮೀ.

ಈ ಲೆಕ್ಕ ನಮ್ಮ ಮನೆಗೆ ತುರ್ತಾಗಿ ಬೇಕಾಗಿತ್ತು. ನಾವಿರುವುದು ಕಂಪ್ಲಿಯಲ್ಲಿ, ಮಗಳು ಕಲಬುರಗಿಯಲ್ಲಿ. ಅದು ಮಳೆಗಾಲ, ಅವಳಿಗೆ ದಿನ ತುಂಬಿತ್ತು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು, ಗಂಗಾವತಿಗೆ ಹೋಗುವ ನಮ್ಮೂರ ಸೇತುವೆ ಮುಳುಗಿತ್ತು. ನಮಗಿದು ಹೊಸದಲ್ಲ, ಆದರೆ ಬಾಣಂತನಕ್ಕೆ ಹೊರಟವಳಿಗೆ ಹೊಳೆಯ ಮೇಲೆ ಸಿಟ್ಟು ಬಾರದಿರುತ್ತದೆಯೇ?

"ವಿಮಾನದಾಗ ಹೋದ್ರ ಎಷ್ಟೊತ್ತು ಆಗ್ತೈತಿ, ಅಜ್ಜಿ?" ಮೊಮ್ಮಗ ಕೇಳಿದ.

ಇಂಥ ಮಾರ್ಗಗಳಲ್ಲಿ ಓಡುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅವನ ಪ್ರಕಾರ ಅರ್ಧ ಗಂಟೆಯೂ ಬೇಡ. ಆದರೆ ಆ ವೇಗ ಬರುವುದು ಮೇಲೇರಿದ ಮೇಲೆ. ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಏರಬೇಕು, ಮತ್ತೆ ಇಳಿಯಬೇಕು. ಹತ್ತಿರದ ಊರಿಗೆ ಇದೇ ಹೆಚ್ಚಿನ ಪಾಲು ತಿನ್ನುತ್ತದೆ. ಹಾಗಾಗಿ ಒಂದು ಗಂಟೆ ಹಿಡಿಯುವುದೇ ಸರಿ.

ನಮಗೆ ಬೇಕಿದ್ದ ದಿನ ನೇರ ವಿಮಾನವೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಬದಲಿಸಿದರೆ 247 ಕೂಡಿಸು 462, ಅಂದರೆ 709 ಕಿ.ಮೀ.! ಉತ್ತರಕ್ಕೆ ಹೋಗಬೇಕಾದವರು ಮೊದಲು ದಕ್ಷಿಣಕ್ಕೆ ಹಾರಬೇಕು. ತೋರಣಗಲ್ಲಿಗೆ ಹೋಗಲು ಒಂದು ಗಂಟೆ, ಅಲ್ಲಿ ತಪಾಸಣೆಗೆಂದು ಒಂದೂವರೆ, ಎರಡು ಹಾರಾಟ, ನಡುವೆ ಕಾಯುವ ಮೂರು ಗಂಟೆ, ಕೊನೆಗೆ ಕಲಬುರಗಿ ಪೇಟೆಯವರೆಗಿನ ದಾರಿ. ಮೊಮ್ಮಗ ಕೂಡಿಸಿ ನೋಡಿದ: ಎಂಟು ಗಂಟೆಗೂ ಮಿಕ್ಕಿತು.

"ಬಸ್ಸೇ ಬೇಸಿ" ಎಂದರು ನಮ್ಮ ಯಜಮಾನರು. ಹೊಸಪೇಟೆಗೆ ಹೋಗಿ, ಮುನಿರಾಬಾದಿನಲ್ಲಿ ಹೊಳೆ ದಾಟಿ, ಕುಷ್ಟಗಿ, ಲಿಂಗಸುಗೂರು, ಶಹಾಪುರ, ಜೇವರ್ಗಿ ಹಾದು ಹೋದೆವು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಲಿಂಗಸುಗೂರಿಗೇ ಖಾಲಿ. ಒಂಬತ್ತು ಗಂಟೆ ಹಿಡಿಯಿತು. ಮೊಮ್ಮಗಳು ನಮಗಿಂತ ನಲವತ್ತು ನಿಮಿಷ ಮೊದಲೇ ಬಂದು ಮಲಗಿದ್ದಳು.

ಈಗ ನಿಮ್ಮ ಸರದಿ. ಬೀದರಿನ ವಿಮಾನ ನಿಲ್ದಾಣ 17.9 ಡಿಗ್ರಿಯಲ್ಲಿದೆ, ತೋರಣಗಲ್ಲಿಗಿಂತ ಸುಮಾರು 91 ಕಿ.ಮೀ. ಪೂರ್ವಕ್ಕೆ. ನೇರ ದೂರ ಎಷ್ಟು? ಹೈಸ್ಕೂಲಿನವರು ಪೈಥಾಗೊರಸ್‌ನನ್ನು ಕರೆಯಿರಿ. ಚಿಕ್ಕವರು ಅಜ್ಜನ ಹತ್ತಿರ ದಾರ ಕೇಳಿ ಅಟ್ಲಾಸಿನ ಮೇಲೆ ಅಳೆಯಿರಿ. 315ರ ಆಸುಪಾಸು ಬಂದರೆ ಸರಿ.